ಬೆಳಗಿನ ಜಾವ ಬರುವ ಹಳದಿ ಲೇಬಲ್ಲಿನ ಪೆಟ್ಟಿಗೆ: ವಿಕಿರಣಶೀಲ ಸಾಮಗ್ರಿ ಸಾಗಣೆ ಸೇವೆಯೊಂದರ ವಿಮರ್ಶೆ

ದಕ್ಷಿಣ ಬೆಂಗಳೂರಿನ ಮಧ್ಯಮ ಗಾತ್ರದ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ನಾನು ವಿಕಿರಣ ಸುರಕ್ಷತಾ ಅಧಿಕಾರಿಯಾಗಿ ಕೆಲಸ ಮಾಡುತ್ತಿದ್ದೇನೆ. ವಿಕಿರಣಶೀಲ ಔಷಧಗಳಿಂದ ಸ್ಕ್ಯಾನ್ ಮತ್ತು ಚಿಕಿತ್ಸೆ ಮಾಡುವ ನಮ್ಮ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ಬೇಕಾಗುವ ವಿಕಿರಣಶೀಲ ಸಾಮಗ್ರಿಯನ್ನು ದೇವನಹಳ್ಳಿ ವಿಮಾನ ನಿಲ್ದಾಣದ ಕಾರ್ಗೋ ವಿಭಾಗದಿಂದ ಬಿಡಿಸಿಕೊಂಡು ಅದನ್ನು ಬಳಕೆಗೆ ಸಿದ್ಧಪಡಿಸುವ ಕೊಠಡಿಯಾದ ಹಾಟ್ ಲ್ಯಾಬಿನ ಬಾಗಿಲಿಗೆ ತರುವುದು, ಬಳಸಿ ಮುಗಿದದ್ದನ್ನು ಹಿಂದಕ್ಕೆ ಒಯ್ಯುವುದು, ಬೆಂಗಳೂರಿನ ಸೈಕ್ಲೋಟ್ರಾನ್‌ನಲ್ಲಿ ತಯಾರಾದ ಪೆಟ್ ಸ್ಕ್ಯಾನ್ ಔಷಧವನ್ನು ನಮ್ಮ ಮೈಸೂರು ಮತ್ತು ಸೇಲಂ ಶಾಖೆಗಳಿಗೆ ಮುಟ್ಟಿಸುವುದು, ಈ ಮೂರೂ ಕೆಲಸಗಳನ್ನು ಮೂರು ವರ್ಷಗಳಿಂದ ಒಂದೇ ಖಾಸಗಿ ಸಾಗಣೆ ಸಂಸ್ಥೆ ಮಾಡುತ್ತಿದೆ. ಹೇಳಬೇಕಾದ ದೂರುಗಳೂ ಇರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆದರೆ ಇಂಥ ಸೇವೆಯನ್ನು ಹುಡುಕುತ್ತಿರುವ ಬೇರೆ ಆಸ್ಪತ್ರೆಯವರಿಗೆ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದು ಇದರಿಂದ ತಿಳಿಯುತ್ತದೆ ಎಂದು ನಂಬಿದ್ದೇನೆ.

ಮೊದಲು ಅವರ ಕೆಲಸದ ರೀತಿಯನ್ನು ಹತ್ತಿರದಿಂದ ನೋಡೋಣ. ವಾರಕ್ಕೊಮ್ಮೆ, ಬೆಳಗಿನ ಜಾವ ಐದು ಗಂಟೆಗೆ ಹತ್ತು ನಿಮಿಷ ಇರುವಾಗ, ಆಸ್ಪತ್ರೆಯ ಹಿಂಬದಿ ಗೇಟಿಗೆ ಅವರ ವ್ಯಾನು ಬಂದು ನಿಲ್ಲುತ್ತದೆ. ಎರಡೂ ಪಕ್ಕಗಳಲ್ಲಿ ಮತ್ತು ಹಿಂಭಾಗದಲ್ಲಿ ಮೂರು ದಳದ ವಿಕಿರಣ ಚಿಹ್ನೆಯ ಫಲಕವಿರುತ್ತದೆ. ಚಾಲಕರ ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್, ಅಂದರೆ ಮೈಗೆ ತಗುಲಿದ ವಿಕಿರಣದ ಲೆಕ್ಕವಿಡುವ ಬಿಲ್ಲೆ, ಇರುತ್ತದೆ. ಪೆಟ್ಟಿಗೆ ನೋಡಲು ಅಡುಗೆಮನೆಯ ಅಕ್ಕಿ ಡಬ್ಬಿಯಷ್ಟೇ ಇದ್ದರೂ ಒಳಗಿನ ಸೀಸದ ಕವಚದಿಂದಾಗಿ ಎತ್ತಿದವರ ಸೊಂಟ ಹಿಡಿಯುವಷ್ಟು ಭಾರವಾಗಿರುತ್ತದೆ. ನಮ್ಮ ಅಟೆಂಡರ್ ಅದನ್ನು ಇಳಿಸಿಕೊಳ್ಳಲು ಮುಂದಾದರೆ ಚಾಲಕರು ಕೈ ಅಡ್ಡ ಹಿಡಿದು, "ಮೊದಲು ಮೀಟರ್ ಇಡಲಿ ಸಾರ್, ಆಮೇಲೆ ಮುಟ್ಟೋಣ" ಎನ್ನುತ್ತಾರೆ. ಅವರ ಜೇಬಿನಲ್ಲಿ ಸರಿಯಾಗಿ ಒಂದು ಮೀಟರ್ ಉದ್ದದ ನೈಲಾನ್ ದಾರವಿದೆ, ಎರಡೂ ತುದಿಗೆ ಗಂಟು ಹಾಕಿದೆ. ಒಂದು ಗಂಟನ್ನು ಪೆಟ್ಟಿಗೆಯ ಮೈಗೆ ಒತ್ತಿ ಹಿಡಿದು, ಇನ್ನೊಂದನ್ನು ವಿಕಿರಣ ಅಳೆಯುವ ನನ್ನ ಸರ್ವೇ ಮೀಟರಿನ ಮೂತಿಗೆ ತಾಗಿಸುತ್ತಾರೆ. ಕಳೆದ ಬಾರಿ ಅಲ್ಲಿ ಗಂಟೆಗೆ 8 ಮೈಕ್ರೋಸೀವರ್ಟ್ ತೋರಿಸಿತು. ಲೇಬಲ್ಲಿನ ಮೇಲೆ ಸಾಗಣೆ ಸೂಚ್ಯಂಕ 0.8 ಎಂದು ಬರೆದಿತ್ತು. ಎರಡೂ ತಾಳೆಯಾದವು, ಸಮಯ ಬರೆದು ಸಹಿ ಹಾಕಿದೆವು.

ಈ ತಾಳೆ ನೋಡುವ ಕ್ರಮವನ್ನು ಕೆಲವರು ಬರೀ ಶಾಸ್ತ್ರಕ್ಕೆಂದು ಮುಗಿಸಿಬಿಡುತ್ತಾರೆ, ಅದಕ್ಕಾಗಿಯೇ ಅದರ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ ಗಂಟೆಗೆ ಎಷ್ಟು ಮಿಲಿಸೀವರ್ಟ್ ಇದೆಯೋ ಅದನ್ನು ನೂರರಿಂದ ಗುಣಿಸಿದರೆ ಸಾಗಣೆ ಸೂಚ್ಯಂಕ ಸಿಗುತ್ತದೆ (ಒಂದು ಮಿಲಿಸೀವರ್ಟ್ ಎಂದರೆ ಸಾವಿರ ಮೈಕ್ರೋಸೀವರ್ಟ್). ಮೈಮೇಲೆ ಗಂಟೆಗೆ 0.005 ಮಿಲಿಸೀವರ್ಟ್ ಮೀರದ ಪೆಟ್ಟಿಗೆಗೆ ಬಿಳಿ ಒಂದನೆಯ ಲೇಬಲ್, 0.5ರವರೆಗೆ ಮತ್ತು ಸೂಚ್ಯಂಕ 1 ಮೀರದಿದ್ದರೆ ಹಳದಿ ಎರಡನೆಯದು, 2 ಮಿಲಿಸೀವರ್ಟ್‌ವರೆಗೆ ಮತ್ತು ಸೂಚ್ಯಂಕ 10ರವರೆಗೆ ಹಳದಿ ಮೂರನೆಯದು. ಒಂದೇ ವ್ಯಾನಿನಲ್ಲಿ ನಾಲ್ಕು ಆಸ್ಪತ್ರೆಗಳ ಪೆಟ್ಟಿಗೆಗಳಿದ್ದಾಗ ಸೂಚ್ಯಂಕಗಳನ್ನು ಕೂಡಿಸಿ ನೋಡಬೇಕು, ಸಾಮಾನ್ಯ ಸಾಗಣೆಯಲ್ಲಿ ಆ ಮೊತ್ತ 50ನ್ನು ದಾಟುವಂತಿಲ್ಲ. ಲೇಬಲ್ಲಿನ ಅಂಕಿಗಿಂತ ಮೀಟರ್ ಹೆಚ್ಚು ತೋರಿಸಿತೆಂದರೆ ಒಳಗಿನ ಕವಚ ಜರುಗಿರಬಹುದು, ಅಥವಾ ಪೆಟ್ಟಿಗೆ ಎಲ್ಲೋ ಬಿದ್ದಿರಬಹುದು. ಮೂರು ವರ್ಷಗಳಲ್ಲಿ ನನಗೆ ಅಂಥ ವ್ಯತ್ಯಾಸ ಒಮ್ಮೆಯೂ ಕಂಡಿಲ್ಲ. ಇದು ಸಂಸ್ಥೆಯ ಪರವಾಗಿ ನಾನು ಹೇಳಬಹುದಾದ ಮೊದಲ ಮತ್ತು ದೊಡ್ಡ ಮಾತು.

ಪೆಟ್ಟಿಗೆ ತಾನೇ ಗಟ್ಟಿಮುಟ್ಟಾದದ್ದು ಎಂಬುದನ್ನೂ ಇಲ್ಲಿ ಹೇಳಬೇಕು. ನಮಗೆ ಬರುವುದು 'ಎ' ಮಾದರಿಯ ಪೆಟ್ಟಿಗೆ. ಗಂಟೆಗೆ 5 ಸೆಂಟಿಮೀಟರ್ ಮಳೆಗೆ ಸಮನಾದ ನೀರನ್ನು ಒಂದು ಗಂಟೆ ಸುರಿಸಿ, 1.2 ಮೀಟರ್ ಎತ್ತರದಿಂದ ಬೀಳಿಸಿ, ತನ್ನ ತೂಕದ ಐದು ಪಟ್ಟು ಭಾರವನ್ನು ಒಂದು ದಿನ ಮೇಲೆ ಹೇರಿ, 6 ಕಿಲೋ ತೂಕದ ಸಲಾಕೆಯನ್ನು ಒಂದು ಮೀಟರ್ ಮೇಲಿನಿಂದ ಅದರ ಮೇಲೆ ಕೆಡವಿ ಪರೀಕ್ಷಿಸಿದ ಮೇಲೆಯೇ ಆ ವಿನ್ಯಾಸ ರಸ್ತೆಗಿಳಿಯುತ್ತದೆ. ಇನ್ನೂ ಪ್ರಬಲವಾದ ಮೂಲಗಳನ್ನು ಒಯ್ಯುವ 'ಬಿ' ಮಾದರಿಯದಾದರೆ 9 ಮೀಟರ್ ಮೇಲಿನಿಂದ ಬೀಳಬೇಕು, 800 ಡಿಗ್ರಿ ಬೆಂಕಿಯಲ್ಲಿ ಅರ್ಧ ಗಂಟೆ ತಾಳಬೇಕು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 1961ರಲ್ಲಿ ಮೊದಲ ಬಾರಿ ಹೊರತಂದು, ಮತ್ತೆ ಮತ್ತೆ ಪರಿಷ್ಕರಿಸುತ್ತ ಬಂದಿರುವ ಸಾಗಣೆ ನಿಯಮಾವಳಿಯೇ ಇದಕ್ಕೆಲ್ಲ ಆಧಾರ. ನಮ್ಮಲ್ಲಿ 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿ, ಅಂದರೆ ನಾವೆಲ್ಲ ಎಇಆರ್‌ಬಿ ಎಂದು ಕರೆಯುವ ಸಂಸ್ಥೆ, ಅದಕ್ಕೆ ಹೊಂದಿಕೆಯಾಗುವಂತೆ 2016ರಲ್ಲಿ ತನ್ನ ಸಾಗಣೆ ಸಂಹಿತೆಯನ್ನು ಪರಿಷ್ಕರಿಸಿತು. ಹೀಗಾಗಿ ಪೆಟ್ಟಿಗೆಯ ವಿಷಯದಲ್ಲಿ ಸಾಗಣೆ ಸಂಸ್ಥೆಗಳ ನಡುವೆ ಆಯ್ಕೆ ಮಾಡಲು ಹೆಚ್ಚೇನೂ ಇಲ್ಲ. ವ್ಯತ್ಯಾಸವಿರುವುದು ಪೆಟ್ಟಿಗೆ ದಾಟಿ ಬರುವ ಕೈಗಳಲ್ಲಿ, ಆ ಕೈಗಳಿಗೆ ಮೊದಲೇ ವಿಷಯ ತಿಳಿದಿದೆಯೇ ಎಂಬುದರಲ್ಲಿ. ಈ ಸಂಸ್ಥೆಯ ಗುಣವೂ ದೋಷವೂ ಎರಡೂ ಅಲ್ಲೇ ಇವೆ.

ನಮ್ಮ ಸಾಮಗ್ರಿಗೆ ಕಾಯುವ ಶಕ್ತಿಯಿಲ್ಲ. ಸ್ಕ್ಯಾನಿಗೆ ಬೇಕಾದ ವಿಕಿರಣಶೀಲ ವಸ್ತುವನ್ನು ದಿನವೂ ಕೊಡುವ, ಜನರೇಟರ್ ಎಂದು ಕರೆಯುವ ಸಾಧನದಲ್ಲಿರುವ ಮಾಲಿಬ್ಡಿನಂ-99ರ ಅರ್ಧಾಯು, ಅಂದರೆ ಅದರ ವಿಕಿರಣಶೀಲತೆ ಅರ್ಧಕ್ಕಿಳಿಯಲು ಹಿಡಿಯುವ ಸಮಯ, 66 ಗಂಟೆ. ಅದು ಒಂದು ದಿನ ತಡವಾದರೆ ಐದನೆಯ ಒಂದು ಪಾಲಿಗಿಂತ ಹೆಚ್ಚು ದಾರಿಯಲ್ಲೇ ಕರಗಿಹೋಗುತ್ತದೆ. ಅದರಿಂದ ನಾವು ದಿನವೂ ಹಿಂಡಿಕೊಳ್ಳುವ ಟೆಕ್ನೀಷಿಯಂ-99ಎಂ ಬಾಳುವುದು ಇನ್ನೂ ಕಡಿಮೆ, ಆರು ಗಂಟೆಗೆ ಅರ್ಧವಾಗುತ್ತದೆ. ಥೈರಾಯ್ಡ್ ಚಿಕಿತ್ಸೆಯ ಅಯೋಡಿನ್-131 ಎಂಟು ದಿನಕ್ಕೆ ಅರ್ಧವಾಗುವುದರಿಂದ ತುಸು ಸಮಾಧಾನ. ಪೆಟ್ ಸ್ಕ್ಯಾನಿನ ಫ್ಲೋರಿನ್-18 ಮಾತ್ರ 110 ನಿಮಿಷಕ್ಕೆ ಅರ್ಧ. ಬೆಂಗಳೂರಿನಿಂದ ಸೇಲಂಗೆ ಸುಮಾರು 200 ಕಿಲೋಮೀಟರ್. ಯಾವ ತಡೆಯೂ ಇಲ್ಲದೆ ಮೂರು ಗಂಟೆ ನಲವತ್ತು ನಿಮಿಷದಲ್ಲಿ ತಲುಪಿದರೂ ಹೊರಟದ್ದರ ಕಾಲುಭಾಗವಷ್ಟೇ ಅಲ್ಲಿ ಉಳಿದಿರುತ್ತದೆ. ಆ ಲೆಕ್ಕವನ್ನು ಮೊದಲೇ ಹಾಕಿ ನಾಲ್ಕು ಪಟ್ಟು ತುಂಬಿ ಕಳಿಸುತ್ತಾರೆ. ರಸ್ತೆಯಲ್ಲಿ ನಿಂತು ಕಳೆಯುವ ಗಂಟೆಗಳು ಮಾತ್ರ ಯಾವ ಲೆಕ್ಕದಲ್ಲೂ ಇರುವುದಿಲ್ಲ.

ಹಾಗೆ ನಿಂತ ದಿನವೊಂದನ್ನು ಹೇಳಲೇಬೇಕು. ಕಳೆದ ವರ್ಷ ಸೇಲಂಗೆ ಹೊರಟಿದ್ದ ವ್ಯಾನು ಅತ್ತಿಬೆಲೆ ದಾಟಿ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ವಾಹನ ತಪಾಸಣೆ ನಡೆಯುತ್ತಿತ್ತು. ಪಕ್ಕದ ಫಲಕವನ್ನು ಕಂಡವರು ಗಾಬರಿಯಿಂದ ದೂರ ಸರಿದು, ಗಾಡಿಯನ್ನು ರಸ್ತೆ ಬದಿಗೆ ಹಾಕಿಸಿದರು. ಕಾಗದಪತ್ರಗಳೆಲ್ಲ ಸರಿಯಾಗಿದ್ದವು: ಸಾಮಗ್ರಿ ಕಳಿಸಿದವರ ಘೋಷಣೆ, ಅಪಘಾತವಾದರೆ ಏನು ಮಾಡಬೇಕೆಂದು ತಿಳಿಸುವ ಟ್ರೆಮ್ ಕಾರ್ಡ್, ಪಡೆಯುವ ಆಸ್ಪತ್ರೆಯ ಪರವಾನಗಿಯ ಪ್ರತಿ, ಎಲ್ಲವೂ ಇದ್ದವು. ಆದರೆ ಎಲ್ಲವೂ ಇಂಗ್ಲಿಷಿನಲ್ಲಿದ್ದವು. ಕನ್ನಡದ ಚಾಲಕರಿಗೆ ತಮಿಳಿನಲ್ಲಿ ವಿವರಿಸಲಾಗಲಿಲ್ಲ, ತಪಾಸಣೆಯವರಿಗೆ ಯಾರನ್ನು ಕೇಳಬೇಕೆಂದು ಗೊತ್ತಿರಲಿಲ್ಲ. ಸಂಸ್ಥೆಯ ತುರ್ತು ಸಂಖ್ಯೆಗೆ ಕರೆ ಮಾಡಿದರೆ ಎತ್ತಿದವರು ಹೊಸಬರು, ಅವರೂ ಮೇಲಿನವರನ್ನು ಹುಡುಕಿದರು. ಗಾಡಿ ಮತ್ತೆ ಹೊರಟಾಗ ಒಂದು ಗಂಟೆ ಐವತ್ತು ನಿಮಿಷ ಕಳೆದಿತ್ತು, ಅಂದರೆ ಸರಿಯಾಗಿ ಒಂದು ಅರ್ಧಾಯು. ಅತ್ತ ಸೇಲಂನಲ್ಲಿ ನಾಲ್ವರು ರೋಗಿಗಳು ರಾತ್ರಿಯಿಂದ ಉಪವಾಸವಿದ್ದು, ಕೈಗೆ ಸೂಜಿ ಚುಚ್ಚಿಸಿಕೊಂಡು, ಕಂಬಳಿ ಹೊದ್ದು ಕಾಯುತ್ತಿದ್ದರು. ಬಂದ ಔಷಧ ಇಬ್ಬರಿಗಷ್ಟೇ ಸಾಕಾಯಿತು. ಉಳಿದಿಬ್ಬರನ್ನು ಊಟ ಮಾಡಿಸಿ ಮನೆಗೆ ಕಳಿಸಬೇಕಾಯಿತು ಎಂದು ಅಲ್ಲಿನ ಸಹೋದ್ಯೋಗಿ ಫೋನಿನಲ್ಲಿ ಹೇಳಿದಾಗ ಅವರ ದನಿ ನಡುಗುತ್ತಿತ್ತು.

ತಪಾಸಣೆ ಮಾಡಿದವರನ್ನು ನಾನು ದೂರಲಾರೆ. ಗೊತ್ತಿಲ್ಲದ ಚಿಹ್ನೆಯ ಗಾಡಿಯನ್ನು ನಿಲ್ಲಿಸುವುದು ಅವರ ಕರ್ತವ್ಯ. ಅಣುಶಕ್ತಿ ಸಂವಿಧಾನದ ಪ್ರಕಾರ ಕೇಂದ್ರದ ವಿಷಯವಾದ್ದರಿಂದ ಗಡಿಯ ಎರಡೂ ಬದಿ ನಿಯಮ ಒಂದೇ, ಪರವಾನಗಿ ಕೊಡುವ ಮಂಡಳಿಯೂ ಒಂದೇ. ಆದರೆ ರಸ್ತೆಯಲ್ಲಿ ನಿಂತು ಗಾಡಿಗೆ ಕೈ ತೋರಿಸುವವರು ರಾಜ್ಯದವರು, ಬೆಂಕಿ ಬಿದ್ದರೆ ಓಡಿ ಬರುವ ಅಗ್ನಿಶಾಮಕ ದಳವೂ ರಾಜ್ಯದ್ದು. ಬೆಂಗಳೂರಿನಿಂದ ಎರಡು ಗಂಟೆಯ ದಾರಿಯೊಳಗೆ ತಮಿಳುನಾಡು, ಆಂಧ್ರ ಎರಡರ ಗಡಿಯೂ ಇರುವಾಗ, ಇಲ್ಲಿನ ಸಾಗಣೆ ಸಂಸ್ಥೆಯು ಗಡಿಯಾಚೆಯ ಠಾಣೆಗಳಿಗೂ ಅಗ್ನಿಶಾಮಕ ಕೇಂದ್ರಗಳಿಗೂ ತನ್ನನ್ನು ಮೊದಲೇ ಪರಿಚಯಿಸಿಕೊಂಡಿರಬೇಕಿತ್ತು. ಅದನ್ನು ಅವರು ಮಾಡಿರಲಿಲ್ಲ, ಕೇಳಿದಾಗ "ನಿಯಮದಲ್ಲಿ ಹಾಗೇನೂ ಇಲ್ಲವಲ್ಲ" ಎಂದರು. ಮೂರು ವರ್ಷಗಳಲ್ಲಿ ಅವರ ಬಾಯಿಂದ ನಾನು ಕೇಳಿದ ಅತ್ಯಂತ ನಿರಾಶೆಯ ಮಾತು ಅದು.

ಆದರೆ ಆಮೇಲೆ ಅವರು ನಡೆದುಕೊಂಡ ರೀತಿಯನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಎರಡು ತಿಂಗಳೊಳಗೆ ಟ್ರೆಮ್ ಕಾರ್ಡನ್ನು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಮಾಡಿಸಿದರು. ಕನ್ನಡದ ಪ್ರತಿಯನ್ನು ತಿದ್ದಲು ನನ್ನ ಬಳಿಗೇ ತಂದರು. ಮೊದಲ ಕರಡಿನಲ್ಲಿ "ವಿಕಿರಣ ಪ್ರಸರಣೋನ್ಮುಖ ಪರಿಸ್ಥಿತಿಯಲ್ಲಿ" ಎಂಬಂಥ ಸಾಲುಗಳಿದ್ದವು. ರಾತ್ರಿ ಎರಡು ಗಂಟೆಗೆ ಟಾರ್ಚ್ ಬೆಳಕಿನಲ್ಲಿ ಓದುವ ಪೇದೆಗೆ ಅರ್ಥವಾಗಬೇಕೆಂದು ನಾವಿಬ್ಬರೂ ಕೂತು ಹೀಗೆ ಬರೆದೆವು: "ಗಾಯಗೊಂಡವರನ್ನು ಮೊದಲು ಹೊರಗೆ ತನ್ನಿ, ವಿಕಿರಣದ ಹೆದರಿಕೆಯಿಂದ ತಡಮಾಡಬೇಡಿ. ಪೆಟ್ಟಿಗೆ ಒಡೆದಿದ್ದರೆ ಸುತ್ತ 30 ಮೀಟರ್ ಒಳಗೆ ಯಾರನ್ನೂ ಬಿಡಬೇಡಿ. ಚೆಲ್ಲಿದ್ದನ್ನು ಮುಟ್ಟಬೇಡಿ, ತೊಳೆಯಬೇಡಿ. ಅಲ್ಲಿ ಏನನ್ನೂ ತಿನ್ನಬೇಡಿ, ಕುಡಿಯಬೇಡಿ. ಈ ನಂಬರಿಗೆ ಫೋನ್ ಮಾಡಿ." ಆ ಕಾರ್ಡು ಈಗ ಚಾಲಕರ ತಲೆಯ ಮೇಲಿನ ಬಿಸಿಲುತಡೆಗೆ ಕ್ಲಿಪ್ ಹಾಕಿಕೊಂಡು ಕೂತಿದೆ. ಅದಾದ ನಂತರ ಎರಡು ಬಾರಿ ಅದೇ ದಾರಿಯಲ್ಲಿ ಗಾಡಿಯನ್ನು ನಿಲ್ಲಿಸಿದ್ದಾರೆ, ಎರಡೂ ಸಲ ಕಾರ್ಡು ಓದಿ ಹತ್ತು ನಿಮಿಷದೊಳಗೆ ಬಿಟ್ಟಿದ್ದಾರೆ.

ಆಕಾಶಮಾರ್ಗದ ತೊಡಕು ಇದಕ್ಕಿಂತ ಹಳೆಯದು, ದೊಡ್ಡದು. ಒಮ್ಮೆ ವಿದೇಶದಿಂದ ಬರಬೇಕಿದ್ದ ನಮ್ಮ ಜನರೇಟರನ್ನು ನಡುದಾರಿಯ ನಿಲ್ದಾಣದಲ್ಲಿ ಮುಂದಿನ ವಿಮಾನದವರು ಹೇರಿಸಿಕೊಳ್ಳಲು ಒಪ್ಪಲಿಲ್ಲ. ಕಾಗದದಲ್ಲಿ ತಪ್ಪಿರಲಿಲ್ಲ, ಪೆಟ್ಟಿಗೆಯಲ್ಲಿ ದೋಷವಿರಲಿಲ್ಲ, "ವಿಕಿರಣಶೀಲ" ಎಂಬ ಪದವೇ ಸಾಕಾಗಿತ್ತು. ಈ ಬಗೆಯ ನಿರಾಕರಣೆ ಪ್ರಪಂಚದಾದ್ಯಂತ ಎಷ್ಟು ವ್ಯಾಪಕವೆಂದರೆ, ಅದನ್ನು ಬಗೆಹರಿಸಲೆಂದೇ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2006ರಲ್ಲಿ ಒಂದು ಪ್ರತ್ಯೇಕ ಸಮಿತಿ ರಚಿಸಿತು. ಪ್ರತಿ ದೇಶದಲ್ಲಿ ಇದಕ್ಕೆಂದೇ ಒಬ್ಬ ಸಂಪರ್ಕಾಧಿಕಾರಿ ಇರಬೇಕು, ನೆರೆಹೊರೆಯ ದೇಶಗಳ ಸಂಪರ್ಕಾಧಿಕಾರಿಗಳು ಪ್ರಾದೇಶಿಕ ಜಾಲವಾಗಿ ಒಬ್ಬರಿಗೊಬ್ಬರು ನೇರವಾಗಿ ಮಾತಾಡಬೇಕು ಎಂಬುದು ಅದರ ಯೋಜನೆಯಾಗಿತ್ತು. ಅಂದಿನ ಕಾರಣಗಳೇ ಇಂದಿಗೂ ಇವೆ: ತಪ್ಪು ಕಲ್ಪನೆ, ಸಿಬ್ಬಂದಿಗೆ ತರಬೇತಿಯ ಕೊರತೆ, ದೇಶದಿಂದ ದೇಶಕ್ಕೆ ಬೇರೆಯಾಗುವ ಹೆಚ್ಚುವರಿ ಷರತ್ತುಗಳು, ಮತ್ತು ವರ್ಷಕ್ಕೆ ನಾಲ್ಕು ಪೆಟ್ಟಿಗೆಗಾಗಿ ತರಬೇತಿಗೆ ಖರ್ಚು ಮಾಡಲು ಮನಸ್ಸಿಲ್ಲದ ಸಾಗಣೆದಾರರು.

ನೆರೆಯವರ ಸಹಕಾರ ನಮಗೇಕೆ ಅಷ್ಟು ಮುಖ್ಯವೆಂದರೆ, ಮಾಲಿಬ್ಡಿನಂ-99ನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ರಿಯಾಕ್ಟರುಗಳು ಪ್ರಪಂಚದಲ್ಲಿ ಬೆರಳೆಣಿಕೆಯಷ್ಟೇ ಇವೆ: ನೆದರ್ಲೆಂಡ್ಸ್‌ನ ಪೆಟ್ಟನ್, ಬೆಲ್ಜಿಯಂನ ಮೋಲ್, ದಕ್ಷಿಣ ಆಫ್ರಿಕಾದ ಪೆಲಿಂಡಾಬಾ, ಆಸ್ಟ್ರೇಲಿಯಾದ ಓಪಲ್, ಹೀಗೆ. 2009ರಲ್ಲಿ ಕೆನಡಾದ ಚಾಕ್ ರಿವರ್ ರಿಯಾಕ್ಟರ್ ಕೆಟ್ಟು ನಿಂತಾಗ ಇಡೀ ಜಗತ್ತಿನ ಸ್ಕ್ಯಾನ್ ವಿಭಾಗಗಳು ಪರದಾಡಿದವು. ನೇಪಾಳ, ಶ್ರೀಲಂಕಾಗಳಲ್ಲಿ ರಿಯಾಕ್ಟರ್ ಇಲ್ಲವೇ ಇಲ್ಲ. ಅಲ್ಲಿನ ರೋಗಿಗೆ ಬೇಕಾದ ಪ್ರತಿಯೊಂದು ಜನರೇಟರೂ ಬೇರೆ ದೇಶದ ಆಕಾಶವನ್ನು ದಾಟಿಯೇ ಬರಬೇಕು. ಏಷ್ಯಾ ಮತ್ತು ಪೆಸಿಫಿಕ್ ದೇಶಗಳ ನಡುವೆ 1972ರಿಂದ ಇರುವ ಪ್ರಾದೇಶಿಕ ಸಹಕಾರ ಒಪ್ಪಂದದಲ್ಲಿ ಭಾರತವೂ ಇದೆ. ಪರಮಾಣು ಅಪಘಾತಗಳನ್ನು ನೆರೆಯವರಿಗೆ ತಕ್ಷಣ ತಿಳಿಸುವ ಮತ್ತು ನೆರವಾಗುವ 1986ರ ಎರಡು ಅಂತರರಾಷ್ಟ್ರೀಯ ಒಡಂಬಡಿಕೆಗಳಿಗೂ ನಾವು ಸಹಿ ಹಾಕಿದ್ದೇವೆ. ಅಪಘಾತವಾದರೆ ಮಾತಾಡಿಕೊಳ್ಳುವ ದಾರಿ ಇದೆ. ಮಧ್ಯರಾತ್ರಿ ಯಾವುದೋ ನಿಲ್ದಾಣದ ಕಾರ್ಗೋ ಶೆಡ್ಡಿನಲ್ಲಿ ಯಾವ ಅಪಘಾತವೂ ಇಲ್ಲದೆ ಕೂತುಬಿಟ್ಟ ಪೆಟ್ಟಿಗೆಯ ಬಗ್ಗೆ ಮಾತಾಡುವ ದಾರಿ ಅಷ್ಟು ಸುಲಭವಾಗಿ ತೆರೆಯುವುದಿಲ್ಲ.

ಆ ರಾತ್ರಿ ನಮ್ಮ ಸಾಗಣೆ ಸಂಸ್ಥೆ ಮಾಡಿದ್ದು ಒಂದೇ ಕೆಲಸ, ಆದರೆ ಮಾಡಬೇಕಾದ ಕೆಲಸ. ಹನ್ನೊಂದೂವರೆಗೆ ನನಗೆ ಫೋನ್ ಮಾಡಿ, ಪೆಟ್ಟಿಗೆ ನಾಳೆ ಬರುವುದಿಲ್ಲ, ನಾಡಿದ್ದು ಬರಬಹುದು ಎಂದು ಸ್ಪಷ್ಟವಾಗಿ ತಿಳಿಸಿದರು. ಮರುದಿನ ಮೂಳೆ ಸ್ಕ್ಯಾನಿಗೆ ಹನ್ನೊಂದು ಮಂದಿ ಬರುವವರಿದ್ದರು. ಅವರಲ್ಲಿ ಚಿತ್ರದುರ್ಗದ ಹಿರಿಯರೊಬ್ಬರು ರಾತ್ರಿ ಬಸ್ಸಿಗೆಂದು ನಿಲ್ದಾಣದಲ್ಲಿ ಕೂತಿದ್ದರು. ಅವರ ಮಗನಿಗೆ ಕರೆ ಮಾಡಿ ಹಿಂತಿರುಗಲು ಹೇಳಿದೆವು. ಬೆನ್ನುಮೂಳೆಯ ನೋವಿನಲ್ಲಿ ಇನ್ನೂರು ಕಿಲೋಮೀಟರ್ ಕೂತು ಬಂದು ಬರಿಗೈಯಲ್ಲಿ ಮರಳುವುದು ತಪ್ಪಿತು. ತಡವಾದದ್ದನ್ನು ಮುಚ್ಚಿಟ್ಟು ಬೆಳಿಗ್ಗೆ ಆರಕ್ಕೆ "ಬರ್ತಾ ಇದೆ ಸಾರ್" ಎನ್ನುವ ಸಂಸ್ಥೆಗಳನ್ನೂ ನಾನು ಹಿಂದೆ ಕಂಡಿದ್ದೇನೆ.

ಹಿಂದಕ್ಕೆ ಒಯ್ಯುವ ಕೆಲಸದಲ್ಲಂತೂ ಇವರ ಶಿಸ್ತಿಗೆ ಪೂರ್ಣ ಅಂಕ ಕೊಡುತ್ತೇನೆ. ವಿಕಿರಣದ ಮೂಲವನ್ನು ಗಡ್ಡೆಯ ಹತ್ತಿರವೇ ಇಟ್ಟು ಚಿಕಿತ್ಸೆ ಕೊಡುವ ನಮ್ಮ ಬ್ರಾಕಿಥೆರಪಿ ಯಂತ್ರದ ಇರಿಡಿಯಂ-192 ಮೂಲದ ಅರ್ಧಾಯು 74 ದಿನ. ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸದು ಬರುತ್ತದೆ, ಹಳೆಯದು ತಯಾರಕರಿಗೆ ಮರಳಬೇಕು. ದುರ್ಬಲವಾಯಿತೆಂದ ಮಾತ್ರಕ್ಕೆ ಅದು ನಿರುಪದ್ರವಿಯಲ್ಲ. 2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಮಾರುಕಟ್ಟೆಗೆ, ಬಳಕೆ ನಿಂತ ಪ್ರಯೋಗಾಲಯ ಉಪಕರಣದ ಜೊತೆ ಕೋಬಾಲ್ಟ್-60 ಸೇರಿಹೋಗಿ, ಅದನ್ನು ಒಡೆದ ಬಡಪಾಯಿಗಳು ವಿಕಿರಣಕ್ಕೆ ತುತ್ತಾಗಿ ಒಬ್ಬರು ಪ್ರಾಣವನ್ನೇ ಕಳೆದುಕೊಂಡರು. ನಮ್ಮ ಬೆಂಗಳೂರಿನ ಗುಜರಿ ಪೇಟೆಯಾದ ಜಾಲಿ ಮೊಹಲ್ಲಾದಲ್ಲಿ ಸೀಸದ ಗಟ್ಟಿಯನ್ನು ತಕ್ಕಡಿಗೆ ಹಾಕುವವರನ್ನು ಕಂಡಾಗಲೆಲ್ಲ ನನಗೆ ಆ ಘಟನೆ ನೆನಪಾಗುತ್ತದೆ. ಈ ಸಂಸ್ಥೆಯವರು ಹಳೆಯ ಮೂಲವನ್ನು ಒಯ್ಯುವ ದಿನ ಸರಣಿ ಸಂಖ್ಯೆಯನ್ನು ಕಾಗದದಲ್ಲೂ ಪೆಟ್ಟಿಗೆಯ ಮೇಲೂ ಗಟ್ಟಿಯಾಗಿ ಓದಿಸಿ ತಾಳೆ ನೋಡುತ್ತಾರೆ, ತಯಾರಕರಿಗೆ ಮುಟ್ಟಿದ ರಸೀದಿ ಬರುವವರೆಗೂ ಕಡತವನ್ನು ಮುಚ್ಚುವುದಿಲ್ಲ. ಬಳಸಿ ಮುಗಿದ ಜನರೇಟರನ್ನು ಒಯ್ಯುವಾಗ ಮೈಮೇಲಿನ ಮಟ್ಟ ಇಳಿದಿರುವುದನ್ನು ಅಳೆದು, ಹಳೆಯ ಹಳದಿ ಲೇಬಲನ್ನು ಪೂರ್ತಿ ಮುಚ್ಚಿ ಅಂಟಿಸುತ್ತಾರೆ. ಪೆಟ್ಟಿಗೆಗಳನ್ನೆಲ್ಲ ಇಳಿಸಿದ ಮೇಲೆ ವ್ಯಾನಿನ ಫಲಕಗಳನ್ನು ತೆಗೆದಿಟ್ಟೇ ಹೊರಡುತ್ತಾರೆ. ಖಾಲಿ ಗಾಡಿಗೂ ಫಲಕ ಬಿಟ್ಟುಕೊಂಡು ಓಡಾಡಿದರೆ ಜನ ಆ ಚಿಹ್ನೆಯನ್ನು ಲೆಕ್ಕಿಸುವುದನ್ನೇ ಬಿಡುತ್ತಾರೆ.

ಇನ್ನೊಂದು ಸಣ್ಣ ಪ್ರಸಂಗವನ್ನೂ ಬರೆಯಬೇಕು. ಒಂದು ಮುಂಜಾನೆ ರಾತ್ರಿ ಪಾಳಿ ಮುಗಿಸಿದ ನಮ್ಮ ನರ್ಸೊಬ್ಬರು, ಕ್ಯಾಬ್ ಸಿಗದೆ, "ಅಣ್ಣ, ಸಿಲ್ಕ್ ಬೋರ್ಡ್‌ವರೆಗೆ ಬಿಡ್ತೀರಾ?" ಎಂದು ವ್ಯಾನಿನ ಚಾಲಕರನ್ನು ಕೇಳಿದರು. ನಮ್ಮ ಪೆಟ್ಟಿಗೆ ಇಳಿದಿತ್ತು, ಆದರೆ ಇನ್ನೊಂದು ಆಸ್ಪತ್ರೆಯ ಹಳದಿ ಲೇಬಲ್ಲಿನದು ಹಿಂದೆ ಉಳಿದಿತ್ತು. "ಇಲ್ಲಮ್ಮ, ಇದು ಇರೋವಾಗ ನಾನು, ನನ್ನ ಸಹಾಯಕ ಬಿಟ್ರೆ ಯಾರೂ ಕೂರೋ ಹಾಗಿಲ್ಲ" ಎಂದವರು, ಆಕೆಗೆ ಆಟೋ ಸಿಗುವವರೆಗೂ ಗೇಟಿನಲ್ಲೇ ಕಾದು ನಿಂತರು. ನಿಯಮದಲ್ಲಿರುವುದೂ ಅದೇ.

ದೂರುಗಳ ಪಟ್ಟಿಯಲ್ಲಿ ನಮ್ಮ ಆಸ್ಪತ್ರೆಯ ಪಾಲೂ ಇದೆ. ಸೆಕ್ಯುರಿಟಿಯವರು ಬದಲಾದಾಗಲೆಲ್ಲ ವ್ಯಾನನ್ನು ಮುಂಬಾಗಿಲಿಗೆ, ರೋಗಿಗಳು ಸಾಲುಗಟ್ಟಿರುವ ಕಡೆಗೆ ಕಳಿಸಿದ್ದುಂಟು. ಈಗ ಹಿಂಬದಿ ಗೇಟಿನ ಕೊಠಡಿಯಲ್ಲಿ ವ್ಯಾನು ಬರುವ ದಿನ, ಸಮಯ, ನನ್ನ ಮೊಬೈಲ್ ಸಂಖ್ಯೆಯನ್ನು ಗೋಡೆಗೆ ಅಂಟಿಸಿದ್ದೇವೆ. ದರದ ವಿಷಯ ಹೇಳುವುದಾದರೆ ಮಾಮೂಲಿ ಕೊರಿಯರಿಗಿಂತ ಹಲವು ಪಟ್ಟು ಹೆಚ್ಚು. ತರಬೇತಿ ಪಡೆದ ಇಬ್ಬರು ಸಿಬ್ಬಂದಿ ಮತ್ತು ಅಪರಾತ್ರಿಯ ಓಡಾಟವನ್ನು ಲೆಕ್ಕ ಹಾಕಿದರೆ ನನಗೆ ಅದು ಹೆಚ್ಚೆನಿಸುವುದಿಲ್ಲ. ಬಿಲ್ಲುಗಳು ಮಾತ್ರ ತಡವಾಗಿ, ಒಮ್ಮೊಮ್ಮೆ ಎರಡು ತಿಂಗಳದ್ದು ಒಟ್ಟಿಗೆ ಬರುತ್ತವೆ, ನಮ್ಮ ಲೆಕ್ಕ ವಿಭಾಗದವರ ಗೊಣಗಾಟ ನ್ಯಾಯವಾದದ್ದೇ.

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಕಡಿತಗೊಂಡ ಒಂದು, ಸೇಲಂನ ಆ ಇಬ್ಬರು ರೋಗಿಗಳ ಲೆಕ್ಕಕ್ಕೆ. ಈ ವರ್ಷದ ಕರಾರಿನಲ್ಲಿ ಎರಡು ಷರತ್ತುಗಳನ್ನು ಸೇರಿಸಿ ನವೀಕರಿಸಿದ್ದೇವೆ. ತುರ್ತು ಸಂಖ್ಯೆಯಲ್ಲಿ ಕನ್ನಡ, ತಮಿಳು, ತೆಲುಗು ಬಲ್ಲ, ಸಾಗಣೆ ತರಬೇತಿ ಪಡೆದ ಒಬ್ಬರು ದಿನದ ಇಪ್ಪತ್ತನಾಲ್ಕು ಗಂಟೆಯೂ ಇರಬೇಕು. ಮತ್ತು ಹೊಸೂರು, ಕೃಷ್ಣಗಿರಿ, ಧರ್ಮಪುರಿ, ಸೇಲಂ ದಾರಿಯ ಠಾಣೆಗಳಿಗೂ ಅಗ್ನಿಶಾಮಕ ಕೇಂದ್ರಗಳಿಗೂ ಆರು ತಿಂಗಳಿಗೊಮ್ಮೆ ಖುದ್ದಾಗಿ ಹೋಗಿ, ಖಾಲಿ ಪೆಟ್ಟಿಗೆಯೊಂದನ್ನು ತೋರಿಸಿ, ಲೇಬಲ್ ಓದುವುದನ್ನು ಹೇಳಿಕೊಟ್ಟು ಬರಬೇಕು. ಮೊದಲ ಭೇಟಿಗೆ ನಾನೂ ಸರ್ವೇ ಮೀಟರ್ ಹಿಡಿದು ಹೋಗುತ್ತಿದ್ದೇನೆ. ಚಾಲಕರು ತಮ್ಮ ನೈಲಾನ್ ದಾರದಂಥದ್ದೇ ಇನ್ನೂ ಹತ್ತು ದಾರಗಳನ್ನು ಅಳೆದು ಗಂಟು ಹಾಕಿ, ಠಾಣೆಗೊಂದರಂತೆ ಕೊಡಲು ಇಟ್ಟುಕೊಂಡಿದ್ದಾರೆ.